ಜಂತುಹುಳು ಮತ್ತು ನಮ್ಮ ರೋಗನಿರೋಧಕ ಶಕ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ, ಆಗಸ್ಟ್ ಬಂತೆಂದರೆ ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಡುತ್ತಾರಂತೆ ಎಂಬ ಸುದ್ದಿಯ ಬೆನ್ನಿಗೇ ಪ್ರಶ್ನೆಗಳೂ ಬರುತ್ತವೆ. ಪರಿಚಯದ ತಾಯಂದಿರು, ಮೇಷ್ಟ್ರುಗಳು, ಅಂಗನವಾಡಿ ಅಕ್ಕಂದಿರು ಕೇಳುತ್ತಾರೆ. ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ನಾನು ಪರಾವಲಂಬಿ ಜೀವಿಗಳ ಪಾಠ ಮಾಡುವವಳು. ದಿನದ ಅರ್ಧ ಹೊತ್ತು ಸೂಕ್ಷ್ಮದರ್ಶಕದ ಮುಂದೆ ಕಳೆಯುತ್ತದೆ. ಹುಳು ಹೊಟ್ಟೆಯೊಳಗೆ ಏನು ತಿನ್ನುತ್ತದೆ ಎನ್ನುವುದು ಎಲ್ಲರಿಗೂ ಒಂದಿಷ್ಟು ಗೊತ್ತು. ಒಂದು ಸಣ್ಣ ಮುಳ್ಳು ಚುಚ್ಚಿದರೂ ಕೀವು ತುಂಬಿ ಹೊರಹಾಕುವ ದೇಹ, ಗೇಣುದ್ದದ ಹುಳುವನ್ನು ವರ್ಷಗಟ್ಟಲೆ ಹೇಗೆ ಇರಗೊಡುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದನ್ನು ಅರಿತರೆ ಉಳಿದ ಪ್ರಶ್ನೆಗಳಲ್ಲಿ ಮುಕ್ಕಾಲುಪಾಲು ತಾವಾಗಿ ಬಿಡಿಸಿಕೊಳ್ಳುತ್ತವೆ.

ಜಂತುಹುಳು ಅಂದರೆ ಯಾವ ಹುಳು?

ಒಂದಲ್ಲ, ಹಲವು. ಮಣ್ಣಿನ ಮೂಲಕ ಬರುವವು ಮುಖ್ಯವಾಗಿ ಮೂರು. ದುಂಡುಹುಳು ಎರೆಹುಳುವಿನಂತೆ ಕಾಣುತ್ತದೆ, 20ರಿಂದ 35 ಸೆಂಟಿಮೀಟರ್ ಬೆಳೆಯುತ್ತದೆ, ಹೆಣ್ಣು ಹುಳು ದಿನಕ್ಕೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತದೆ. ಕೊಕ್ಕೆಹುಳು ಒಂದು ಸೆಂಟಿಮೀಟರ್ ಇದ್ದರೆ ಹೆಚ್ಚು. ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಚಾಟಿಹುಳು ದೊಡ್ಡಕರುಳಿನಲ್ಲಿರುತ್ತದೆ. ಈ ಮಣ್ಣುಜನ್ಯ ಹುಳುಗಳು ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಲ್ಲಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಇವಲ್ಲದೆ ಸೊಳ್ಳೆಯಿಂದ ಬರುವ ಆನೆಕಾಲು ರೋಗದ ಹುಳು, ಹಂದಿಯ ಲಾಡಿಹುಳು, ಸ್ಟ್ರಾಂಗಿಲಾಯ್ಡಿಸ್ ಎಂಬ ಕೂದಲೆಳೆಗಿಂತ ಸಣ್ಣ ಹುಳು. ಇಲ್ಲಿ ಇವೆಲ್ಲವೂ ಬರುತ್ತವೆ.

ಇಷ್ಟು ದೊಡ್ಡ ಹುಳು ಒಳಗೆ ಸೇರಿದ್ದು ದೇಹಕ್ಕೆ ಗೊತ್ತೇ ಆಗುವುದಿಲ್ಲವೇ?

ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ಬ್ಯಾಕ್ಟೀರಿಯಾ, ವೈರಸ್ಸಿನ ಮೇಲೆ ಬಳಸುವ ಆಯುಧ ಇಲ್ಲಿ ಕೆಲಸಕ್ಕೆ ಬಾರದು. ಬ್ಯಾಕ್ಟೀರಿಯಾವನ್ನು ಬಿಳಿ ರಕ್ತಕಣವೊಂದು ನುಂಗಿ ಅರಗಿಸಿಕೊಳ್ಳಬಲ್ಲದು. ಹುಳುವಾದರೋ ಆ ಕಣಕ್ಕಿಂತ ಸಾವಿರಾರು ಪಟ್ಟು ದೊಡ್ಡದು, ನುಂಗುವ ಮಾತೇ ಇಲ್ಲ. ಅದಕ್ಕೆಂದೇ ನಮ್ಮ ದೇಹದಲ್ಲಿ ಬೇರೆಯದೇ ಏರ್ಪಾಡಿದೆ. ವಿಜ್ಞಾನಿಗಳು ಅದನ್ನು ಎರಡನೇ ಬಗೆಯ ಪ್ರತಿಕ್ರಿಯೆ ಎನ್ನುತ್ತಾರೆ.

ಕರುಳಿನ ಒಳಗೋಡೆಯಲ್ಲಿ ಕುಚ್ಚಿನಂಥ ತಲೆಯ ಕೆಲವು ಕೋಶಗಳಿವೆ. ಅವು ಯಾಕಿವೆ ಎಂದು ಬಹಳ ಕಾಲ ತಿಳಿದಿರಲಿಲ್ಲ. ಹುಳು ಬಂದದ್ದನ್ನು ಮೂಸಿ ನೋಡಿ ಸುದ್ದಿ ಮುಟ್ಟಿಸುವವು ಇವೇ ಎಂದು ಇಲಿಗಳ ಮೇಲಿನ ಪ್ರಯೋಗಗಳಿಂದ ಖಚಿತವಾದದ್ದು 2016ರಲ್ಲಿ. ಇವು ಐಎಲ್-25 ಎಂಬ ಸಂಕೇತ ಬಿಡುತ್ತವೆ. ಅದರ ಹಿಂದೆಯೇ ಐಎಲ್-4, ಐಎಲ್-5, ಐಎಲ್-13 ಎಂಬ ರಾಸಾಯನಿಕಗಳು ಸುರಿಯುತ್ತವೆ. ಮುಂದಿನದು ಅಂಗಳ ತೊಳೆದು ಗುಡಿಸುವ ಕೆಲಸ: ಕರುಳಿನ ಗೋಡೆ ಲೋಳೆ ಸುರಿಸುತ್ತದೆ, ನೀರು ಬಿಡುತ್ತದೆ, ಸ್ನಾಯುಗಳು ಜೋರಾಗಿ ಹಿಂಡುತ್ತವೆ. ಹುಳುವಿನ ಹಿಡಿತ ಸಡಿಲಿಸಿ ಕೆಳಕ್ಕೆ ತಳ್ಳುವುದೇ ಇದರ ಉದ್ದೇಶ. ಜೊತೆಗೆ ಐಜಿಇ ಎಂಬ ಪ್ರತಿಕಾಯ ಹೆಚ್ಚುತ್ತದೆ. ಇಯೋಸಿನೊಫಿಲ್ ಎಂಬ ಬಿಳಿ ಕಣಗಳು ಮರಿಹುಳುಗಳ ಮೈಗೆ ಮುತ್ತಿ ವಿಷ ಕಾರುತ್ತವೆ.

ಈ ಪಟ್ಟಿ ಓದುವಾಗ ಒಂದು ಗಮನಿಸಿ. ಲೋಳೆ, ನೀರು, ಸೀನು, ತುರಿಕೆ, ಐಜಿಇ, ಇಯೋಸಿನೊಫಿಲ್ ಇವೆಲ್ಲ ಅಲರ್ಜಿಯಲ್ಲೂ ಬರುವವೇ. ಹುಳುವಿನ ವಿರುದ್ಧ ಇಟ್ಟುಕೊಂಡ ಆಯುಧ ದೂಳಿನ ಮೇಲೆ, ಹೂವಿನ ಪರಾಗದ ಮೇಲೆ ಹಾರಿದರೆ ಅದನ್ನೇ ಅಲರ್ಜಿ ಎನ್ನುತ್ತೇವೆ. ಕೆಳಗಿನ ಹಲವು ಉತ್ತರಗಳ ಬೇರು ಇಲ್ಲಿದೆ.

ಇಷ್ಟೆಲ್ಲ ಏರ್ಪಾಡಿದ್ದೂ ಹುಳು ಹೇಗೆ ಬದುಕುತ್ತದೆ?

ಅದು ದೇಹವನ್ನು ಸೋಲಿಸುವುದಿಲ್ಲ, ಸುಮ್ಮನಿರಿಸುತ್ತದೆ.

ನಮ್ಮ ರೋಗನಿರೋಧಕ ವ್ಯವಸ್ಥೆಗೆ ಬ್ರೇಕ್ ಇದೆ. ಜಗಳ ಸಾಕು, ನಿಲ್ಲಿಸಿ ಎನ್ನುವ ಕೋಶಗಳಿವೆ; ಅವು ಟಿ ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ, ಹೆಸರು ನಿಯಂತ್ರಕ ಟಿ ಕೋಶಗಳು. ಐಎಲ್-10, ಟಿಜಿಎಫ್-ಬೀಟಾ ಎಂಬ ಎರಡು ಸಂಕೇತಗಳು ಈ ಬ್ರೇಕಿನ ಮುಖ್ಯ ಭಾಗ. ಈ ಬ್ರೇಕ್ ಇಲ್ಲದಿದ್ದರೆ ನಾವು ತಿಂದ ಅನ್ನದ ಮೇಲೂ ನಮ್ಮದೇ ಕೀಲುಗಳ ಮೇಲೂ ದೇಹ ಯುದ್ಧ ಸಾರುತ್ತಿತ್ತು. ಹುಳು ಕಾಲಿಡುವುದು ಈ ಬ್ರೇಕಿನ ಮೇಲೆ.

ಹೇಗೆಂದು ತೋರಿಸಿದ ಒಂದು ಕೆಲಸ ನನಗೆ ಬಹಳ ಪ್ರಿಯ. ಇಲಿಯ ಕರುಳಿನಲ್ಲಿ ವಾಸಿಸುವ ಹೆಲಿಗ್ಮೊಸೊಮಾಯ್ಡಿಸ್ ಎಂಬ ಹುಳುವನ್ನು ಸ್ಕಾಟ್ಲೆಂಡಿನ ರಿಕ್ ಮೈಜೆಲ್ಸ್ ಅವರ ತಂಡ ವರ್ಷಗಟ್ಟಲೆ ಅಭ್ಯಾಸ ಮಾಡಿತು. ಆ ಹುಳು ಸ್ರವಿಸುವ ಒಂದು ಪ್ರೋಟೀನ್, ನಮ್ಮ ಟಿಜಿಎಫ್-ಬೀಟಾ ಕೂರಬೇಕಾದ ಜಾಗದಲ್ಲೇ ಕೂತು ಅದೇ ಆಜ್ಞೆ ಕೊಡುತ್ತದೆ ಎಂದು 2017ರಲ್ಲಿ ಪ್ರಕಟಿಸಿದರು. ರಚನೆಯಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ. ನಮ್ಮ ಕೀಲಿಯನ್ನು ಕದ್ದು ನಕಲು ಮಾಡಿದ್ದಲ್ಲ. ಬೇರೆಯದೇ ಕಬ್ಬಿಣ ಬಡಿದು ನಮ್ಮ ಬೀಗಕ್ಕೆ ಹೊಂದುವ ಕೀಲಿ ಮಾಡಿಕೊಂಡಿದೆ. ಅದೇ ಹುಳುವಿನ ಇನ್ನೊಂದು ಪ್ರೋಟೀನ್ ಇನ್ನೂ ಜಾಣ. ಅಂಗಾಂಶಕ್ಕೆ ಗಾಯವಾದಾಗ ಐಎಲ್-33 ಎಂಬ ಎಚ್ಚರಿಕೆಯ ಸಂಕೇತ ಹೊರಬೀಳಬೇಕು. ಈ ಪ್ರೋಟೀನ್ ಸತ್ತ ಕೋಶದೊಳಗೆ ಹೊಕ್ಕು ಆ ಸಂಕೇತವನ್ನು ಅಲ್ಲೇ ಹಿಡಿದಿಡುತ್ತದೆ. ಗಂಟೆ ಹೊಡೆಯುವ ಮೊದಲೇ ಗಂಟೆಯ ನಾಲಿಗೆ ಕಟ್ಟಿಹಾಕಿದ ಹಾಗೆ.

ಬೇರೆ ಹುಳುಗಳ ಉಪಾಯ ಬೇರೆ. ಕೊಕ್ಕೆಹುಳುವಿನ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ, ಬಿಳಿ ಕಣಗಳು ಗಾಯದ ಹತ್ತಿರ ಬರದಂತೆ ತಡೆಯುವ ವಸ್ತುವೂ ಇದೆ. ಆಫ್ರಿಕಾ ಖಂಡದಲ್ಲಿ ಹೆಚ್ಚಾಗಿರುವ ಶಿಸ್ಟೊಸೋಮ ಎಂಬ ರಕ್ತನಾಳದ ಹುಳು ನಮ್ಮದೇ ರಕ್ತದ ಗುಂಪಿನ ಅಣುಗಳನ್ನು ಮೈಗೆ ಬಳಿದುಕೊಂಡು ನಮ್ಮವರಂತೆಯೇ ಓಡಾಡುತ್ತದೆ. ಆನೆಕಾಲು ರೋಗದ ಹುಳು ಸೇರಿರುವ ಫೈಲೇರಿಯ ಗುಂಪಿನ ಹುಳುಗಳು, ಶತ್ರುವಿನ ತುಣುಕನ್ನು ಕತ್ತರಿಸಿ ಉಳಿದ ಕೋಶಗಳಿಗೆ ತೋರಿಸುವ ನಮ್ಮ ಕತ್ತರಿಯನ್ನೇ ಮೊಂಡು ಮಾಡುತ್ತವೆ.

ದೇಹ ಇದಕ್ಕೆ ಒಪ್ಪುವುದಾದರೂ ಯಾಕೆ?

ಒಪ್ಪಿದರೆ ದೇಹಕ್ಕೂ ಲಾಭವಿದೆ. ಗೇಣುದ್ದದ ಹುಳುವನ್ನು ಕೊಲ್ಲಲೇಬೇಕೆಂದು ಪೂರ್ತಿ ಬಲ ಹಾಕಿದರೆ ಮೊದಲು ಹರಿಯುವುದು ನಮ್ಮ ಕರುಳೇ. ಹತ್ತಾರು ಹುಳುಗಳಿದ್ದರೂ ಮಗು ಆಡಿಕೊಂಡಿರಬಲ್ಲದು. ಅವುಗಳ ವಿರುದ್ಧ ತಡೆಯಿಲ್ಲದ ಉರಿಯೂತ ಎದ್ದರೆ ಮಗು ಉಳಿಯುವುದು ಕಷ್ಟ. ಹಾಗಾಗಿ ದೇಹ ಹುಳುವಿನ ಸಂಖ್ಯೆಯನ್ನು ಒಂದು ಮಟ್ಟದಲ್ಲಿಟ್ಟು, ಹುಳು ಮಾಡಿದ ಗಾಯಕ್ಕೆ ತೇಪೆ ಹಾಕುತ್ತ ಹೊಂದಿಕೊಳ್ಳುತ್ತದೆ. ಎರಡನೇ ಬಗೆಯ ಪ್ರತಿಕ್ರಿಯೆಯಲ್ಲಿ ಗಾಯ ಮಾಯಿಸುವ ಕೆಲಸವೂ ಸೇರಿದೆ.

ಆನೆಕಾಲು ರೋಗದ ಊರುಗಳಲ್ಲಿ ಎಲ್ಲರಿಗೂ ಕಾಲು ಊದುವುದಿಲ್ಲವಲ್ಲ, ಯಾಕೆ?

ಮೇಲೆ ಹೇಳಿದ ಮೌನ ಎಷ್ಟು ದೊಡ್ಡದೆಂದು ತಿಳಿಯಲು ಆನೆಕಾಲು ರೋಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ನಮ್ಮಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ, ಜೊತೆಗೆ ಕರಾವಳಿಯ ಮೂರು ಜಿಲ್ಲೆಗಳು ಈ ರೋಗದ ಪಟ್ಟಿಯಲ್ಲಿ ಬಹುಕಾಲದಿಂದ ಇವೆ. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ. ದಾರದಂಥ ದೊಡ್ಡ ಹುಳುಗಳು ದುಗ್ಧರಸದ ನಾಳಗಳಲ್ಲಿ ಆರರಿಂದ ಎಂಟು ವರ್ಷ ಬದುಕಿ, ಲಕ್ಷಗಟ್ಟಲೆ ಮರಿಗಳನ್ನು ರಕ್ತಕ್ಕೆ ಬಿಡುತ್ತವೆ.

ರಕ್ತದ ತುಂಬ ಮರಿಹುಳು ತುಂಬಿಕೊಂಡವರಲ್ಲಿ ಹೆಚ್ಚಿನವರಿಗೆ ಹೊರನೋಟಕ್ಕೆ ಏನೂ ಇರುವುದಿಲ್ಲ. ಗದ್ದೆಗೆ ಹೋಗುತ್ತಾರೆ, ದೋಣಿಗೆ ಹೋಗುತ್ತಾರೆ. ಅವರ ರಕ್ತ ಪರೀಕ್ಷಿಸಿದರೆ ಐಎಲ್-10 ಹೆಚ್ಚು, ಹುಳುವನ್ನು ಕಂಡು ಕೆರಳಬೇಕಾದ ಟಿ ಕೋಶಗಳು ತಣ್ಣಗೆ. ಕಾಲು ಊದಿದವರಲ್ಲಿ ಲೆಕ್ಕ ತಿರುಗುಮುರುಗು: ಎಷ್ಟೋ ಸಲ ರಕ್ತದಲ್ಲಿ ಮರಿಹುಳು ಸಿಗುವುದೇ ಇಲ್ಲ, ಉರಿಯೂತ ಮಾತ್ರ ಜೋರು. ಅವರ ದೇಹ ಸುಮ್ಮನಿರಲು ಒಪ್ಪಲಿಲ್ಲ. ಆ ಜಗಳದಲ್ಲಿ ದುಗ್ಧರಸದ ನಾಳ ಹಾಳಾಯಿತು, ಅದರ ಮೇಲೆ ಬ್ಯಾಕ್ಟೀರಿಯಾ ಸೋಂಕು ಮತ್ತೆ ಮತ್ತೆ ಕೂತು ಕಾಲು ದಪ್ಪವಾಗುತ್ತ ಹೋಯಿತು. ಕಾಲನ್ನು ದಿನಾ ಸೋಪು ಹಾಕಿ ತೊಳೆದು, ಬೆರಳ ಸಂದಿ ಒರೆಸಿ ಒಣಗಿಸಿಟ್ಟುಕೊಳ್ಳಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದು ಇದೇ ಕಾರಣಕ್ಕೆ. ಆ ಮಾತಿಗೆ ಮಾತ್ರೆಯಷ್ಟೇ ತೂಕವಿದೆ.

ಹೊರಗಿನಿಂದ ಬಂದವರ ಕಥೆಯೂ ಇದನ್ನೇ ಹೇಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಈ ಹುಳುವಿನ ಸೋಂಕು ತಗಲಿತು. ಕೆಲವೇ ತಿಂಗಳಲ್ಲಿ ಕೈಕಾಲು, ವೃಷಣ ಊದಿ ಕೆಂಪಾದವು. ರಕ್ತದಲ್ಲಿ ಮರಿಹುಳು ಕಂಡದ್ದು ಬೆರಳೆಣಿಕೆಯಷ್ಟು ಜನರಲ್ಲಿ. ಅಲ್ಲೇ ಹುಟ್ಟಿ ಬೆಳೆದವರ ಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. ಬಸುರಿಯ ಮೈಯಲ್ಲಿ ಹುಳುವಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ರೋಗನಿರೋಧಕ ವ್ಯವಸ್ಥೆಗೂ ಅದರ ಪರಿಚಯವಾಗುತ್ತದೆ. ಮುಂದೆ ಆ ಮಗು ಹುಳುವನ್ನು ಕಂಡಾಗ ಅಷ್ಟು ಕೆರಳುವುದಿಲ್ಲ.

ಆನೆಕಾಲು ರೋಗದ ರಕ್ತ ಪರೀಕ್ಷೆಗೆ ರಾತ್ರಿಯೇ ಬರುತ್ತಾರೆ, ಹಗಲಲ್ಲಿ ಆಗದೇ?

ನಮ್ಮ ಕಡೆಯ ಹುಳುವಿನ ಮರಿಗಳು ಹಗಲಿನಲ್ಲಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಉಳಿದು, ರಾತ್ರಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ. ಈ ಹುಳು ಸೊಳ್ಳೆಯ ಮೈಯಲ್ಲಿ ಬೆಳೆಯುತ್ತದೆ ಎಂದು ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ 1877ರಲ್ಲಿ ಚೀನಾದಲ್ಲಿ ಕಂಡುಹಿಡಿದ.

ಬೆರಳು ಚುಚ್ಚಿ ತೆಗೆದ ಹಸಿ ರಕ್ತದ ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಿದರೆ, ಮೊದಲು ಮರಿಹುಳು ಕಾಣುವುದಿಲ್ಲ. ಒಂದು ಕಡೆ ಕೆಂಪು ಕಣಗಳ ಗುಂಪು ತಾನಾಗಿ ಅಲ್ಲಾಡುವುದು ಕಾಣುತ್ತದೆ. ಅಲ್ಲೇ ಕಣ್ಣಿಟ್ಟರೆ ಕಣಗಳನ್ನು ಅತ್ತಿತ್ತ ತಳ್ಳುತ್ತ, ಗಾಜಿನಷ್ಟು ತಿಳಿಯಾದ ಎಳೆಯೊಂದು ಚಾಟಿಯಂತೆ ಬಳುಕುತ್ತಿರುತ್ತದೆ. ಸುತ್ತಲೂ ಬಿಳಿ ಕಣಗಳಿವೆ. ಒಂದೂ ಅದರ ತಂಟೆಗೆ ಹೋಗುವುದಿಲ್ಲ. ರಕ್ತ ಕೊಟ್ಟ ಮನುಷ್ಯ ಪಕ್ಕದ ಬೆಂಚಿನ ಮೇಲೆ ಕೂತು ಆಕಳಿಸುತ್ತಿರುತ್ತಾನೆ. ವಿದ್ಯಾರ್ಥಿಗಳಿಗೆ ನಾನು ಒಂದು ಗಂಟೆ ಪಾಠ ಮಾಡಿ ಹೇಳುವುದನ್ನು ಆ ಹನಿ ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತದೆ.

ರಿಪೋರ್ಟಿನಲ್ಲಿ ಇಯೋಸಿನೊಫಿಲ್ ಜಾಸ್ತಿ ಬಂದಿದೆ. ಹುಳು ಇದೆ ಅಂತಲೇ?

ಇರಬಹುದು, ಇರಲೇಬೇಕೆಂದಿಲ್ಲ. ಅಲರ್ಜಿ, ಉಬ್ಬಸ, ಕೆಲವು ಔಷಧಿಗಳಿಂದಲೂ ಏರುತ್ತದೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ 500ರವರೆಗೆ ಇದ್ದರೆ ಸಹಜ ಎನ್ನುತ್ತೇವೆ. ದುಂಡುಹುಳು, ಕೊಕ್ಕೆಹುಳುಗಳ ಮರಿಗಳು ಶ್ವಾಸಕೋಶದ ಮೂಲಕ ಹಾದುಹೋಗುವಾಗ ಕೆಲವು ವಾರ ಕೆಮ್ಮೂ ಬರುತ್ತದೆ, ಈ ಸಂಖ್ಯೆಯೂ ಏರುತ್ತದೆ. ಆಗ ಮಲ ಪರೀಕ್ಷೆ ಮಾಡಿದರೆ ಮೊಟ್ಟೆ ಸಿಗುವುದಿಲ್ಲ. ಹುಳು ಇನ್ನೂ ದೊಡ್ಡದಾಗಿರುವುದಿಲ್ಲ.

ಸಂಖ್ಯೆ 3000 ದಾಟಿ, ರಾತ್ರಿ ಹೊತ್ತು ಒಣಕೆಮ್ಮು, ಗೊರಗೊರ ಸದ್ದು, ಉಬ್ಬಸ ಇದ್ದರೆ ಆನೆಕಾಲು ಹುಳುವಿನ ನೆನಪಾಗಬೇಕು. ಉಷ್ಣವಲಯದ ಶ್ವಾಸಕೋಶದ ಇಯೋಸಿನೊಫಿಲಿಯಾ ಎಂಬ ಈ ಕಾಯಿಲೆಯನ್ನು 1940ರ ದಶಕದ ಮೊದಲಲ್ಲಿ ವಿವರಿಸಿದ್ದು ಭಾರತದಲ್ಲೇ. ಇಲ್ಲಿ ದೇಹ ಸುಮ್ಮನಿರದೆ ಅತಿಯಾಗಿ ಕೆರಳಿ, ರಕ್ತದಲ್ಲಿ ಬಂದ ಮರಿಹುಳುಗಳನ್ನೆಲ್ಲ ಶ್ವಾಸಕೋಶದಲ್ಲೇ ಹಿಡಿದು ಕೊಲ್ಲುತ್ತದೆ. ಹಾಗಾಗಿ ರಾತ್ರಿ ರಕ್ತದಲ್ಲೂ ಮರಿಹುಳು ಸಿಗದು. ಬರೀ ಉಬ್ಬಸ ಎಂದುಕೊಂಡು ವರ್ಷಗಟ್ಟಲೆ ಪಂಪ್ ಹೊಡೆದುಕೊಳ್ಳುವವರಲ್ಲಿ ಇಂಥವರೂ ಇರುತ್ತಾರೆ. ಆನೆಕಾಲು ಹುಳುವಿಗೆ ಕೊಡುವ ಡಿಇಸಿ ಮಾತ್ರೆ ಕೆಲವು ವಾರ ಕೊಟ್ಟರೆ ಹೆಚ್ಚಿನವರಿಗೆ ಬೇಗ ಹಗುರಾಗುತ್ತದೆ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಮಿದುಳಿನಲ್ಲಿ ಹುಳುವಿನ ಗುಳ್ಳೆ ಇದೆ ಎಂದರು. ಮೊದಲೇ ಇದ್ದದ್ದು ಈಗ ಯಾಕೆ ಫಿಟ್ಸ್ ತಂತು?

ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದರೆ ಅದರ ಮರಿ ರಕ್ತದಲ್ಲಿ ಸಾಗಿ ಮಿದುಳಿನಲ್ಲಿ ನೀರ್ಗುಳ್ಳೆಯಾಗಿ ಕೂರಬಹುದು. ಜೀವಂತ ಗುಳ್ಳೆ ತನ್ನ ಸುತ್ತ ಉರಿಯೂತ ಏಳದಂತೆ ನೋಡಿಕೊಳ್ಳುತ್ತದೆ. ವರ್ಷಗಳೇ ಕಳೆದರೂ ಸುಳಿವು ಕೊಡದಿರಬಹುದು. ಒಂದು ದಿನ ಅದಕ್ಕೆ ವಯಸ್ಸಾಗಿ ಸಾಯತೊಡಗುತ್ತದೆ. ಬಾಯಿಮುಚ್ಚಿಸುವ ಸ್ರಾವ ನಿಲ್ಲುತ್ತದೆ, ಒಳಗಿನ ವಸ್ತು ಸೋರುತ್ತದೆ. ಅಷ್ಟು ವರ್ಷ ಸುಮ್ಮನಿದ್ದ ದೇಹ ಒಮ್ಮೆಲೇ ಮುಗಿಬೀಳುತ್ತದೆ. ಮಿದುಳು ಊದುತ್ತದೆ, ಫಿಟ್ಸ್ ಬರುತ್ತದೆ. ಹುಳು ಬದುಕಿದ್ದಾಗ ಬಾರದ ರೋಗ ಅದು ಸಾಯುವಾಗ ಬಂತು.

ಇದಕ್ಕೆ ಹುಳು ಕೊಲ್ಲುವ ಮಾತ್ರೆಯ ಜೊತೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕೊಡುವುದೂ ಇದೇ ಲೆಕ್ಕದಲ್ಲಿ. ಅದಕ್ಕೇ ಮನೆಯಲ್ಲಿ ತಾವಾಗಿ ಅಲ್ಬೆಂಡಜೋಲ್ ಎಂಬ ಜಂತುಹುಳು ಮಾತ್ರೆ ತಂದು ನುಂಗಿ ಈ ಕಾಯಿಲೆಗೆ ಮದ್ದು ಮಾಡಿಕೊಳ್ಳಲು ಹೋಗಬೇಡಿ, ಅಪಾಯ. ಇನ್ನೊಂದು ಮಾತು. ನಾವು ಮಾಂಸವನ್ನೇ ಮುಟ್ಟುವುದಿಲ್ಲ, ನಮಗೆ ಹೇಗೆ ಬಂತು ಎಂದು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಮಿದುಳಿಗೆ ಹೋಗುವುದು ಮಾಂಸದಲ್ಲಿನ ಗುಳ್ಳೆಯಿಂದಲ್ಲ, ಲಾಡಿಹುಳುವಿದ್ದ ಮನುಷ್ಯನ ಮಲದಲ್ಲಿ ಬಂದ ಮೊಟ್ಟೆಯಿಂದ. ಅದು ತೊಳೆಯದ ಸೊಪ್ಪಿನಲ್ಲೂ ನೀರಿನಲ್ಲೂ ಅಡುಗೆ ಮಾಡಿದವರ ಕೈಯಲ್ಲೂ ಬರಬಹುದು. ಇದರಲ್ಲಿ ನಾಚಿಕೆಪಡುವಂಥದ್ದು ಯಾವುದೂ ಇಲ್ಲ.

ಆನೆಕಾಲು ಮಾತ್ರೆ ನುಂಗಿದ ರಾತ್ರಿಯೇ ಜ್ವರ, ತಲೆನೋವು. ಮಾತ್ರೆ ಕೆಟ್ಟದ್ದಿರಬೇಕು?

ಮಾತ್ರೆಯಲ್ಲಿ ದೋಷವಿಲ್ಲ. ರಕ್ತದಲ್ಲಿದ್ದ ಮರಿಹುಳುಗಳು ಒಟ್ಟಿಗೇ ಸತ್ತವು, ದೇಹ ಎಚ್ಚೆತ್ತಿತು. ಆನೆಕಾಲು ಹುಳುವಿನ ಮೈಯೊಳಗೆ ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಹುಳು ಸತ್ತಾಗ ಅದೂ ಹೊರಬಿದ್ದು ಕೆರಳಿಕೆ ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ರಕ್ತದಲ್ಲಿ ಹುಳುವೇ ಇಲ್ಲದವರಿಗೆ ಇಂಥ ತೊಂದರೆ ಬಹಳ ಕಡಿಮೆ. ಅಂದರೆ ಜ್ವರ ಬಂದವರಿಗೇ ಆ ಮಾತ್ರೆ ಹೆಚ್ಚು ಬೇಕಾಗಿತ್ತು. ಡಿಇಸಿ, ಅಲ್ಬೆಂಡಜೋಲ್ ಜೊತೆ ಐವರ್‌ಮೆಕ್ಟಿನ್ ಸೇರಿಸಿ ಮೂರು ಔಷಧ ಕೊಡುವ ಕ್ರಮವನ್ನು ದೇಶದಲ್ಲಿ ಮೊದಲು ತಂದ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಅಲ್ಲಿ ಮನೆಮನೆಗೆ ಹೋಗಿ ಎದುರಲ್ಲೇ ಮಾತ್ರೆ ನುಂಗಿಸಿದ ಆಶಾ ಕಾರ್ಯಕರ್ತೆಯರ ಶ್ರಮವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಹೊಟ್ಟೆಯಲ್ಲಿ ಹುಳು ಇದ್ದರೆ ಅಲರ್ಜಿ, ದಮ್ಮು ಬರುವುದಿಲ್ಲ ಎಂದು ಓದಿದೆ. ನಿಜವೇ?

ಅರ್ಧ ನಿಜ. ಮನೆಯಲ್ಲಿ ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಮಕ್ಕಳಲ್ಲಿ ಪರಾಗದ ಅಲರ್ಜಿ ಕಡಿಮೆ ಎಂದು ಬ್ರಿಟನ್ನಿನ ಡೇವಿಡ್ ಸ್ಟ್ರಾಖನ್ 1989ರಲ್ಲಿ ಬರೆದರು. ಚಿಕ್ಕಂದಿನಲ್ಲಿ ಸೋಂಕು ತಗಲದ ಮಕ್ಕಳಲ್ಲಿ ಅಲರ್ಜಿ ಹೆಚ್ಚುತ್ತದೆಯೇ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಹುಳುವಿನ ಮಾತು ಬಂದದ್ದು ಆಮೇಲೆ. ಗ್ಯಾಬನ್ ದೇಶದ ಶಾಲಾ ಮಕ್ಕಳಲ್ಲಿ, ಶಿಸ್ಟೊಸೋಮ ಸೋಂಕಿದ್ದವರ ಚರ್ಮ ದೂಳಿನ ನುಸಿಗೆ ಕಡಿಮೆ ಕೆರಳುತ್ತದೆ, ಅವರಲ್ಲಿ ಐಎಲ್-10 ಹೆಚ್ಚಿದೆ ಎಂದು 2000ದಲ್ಲಿ ಪ್ರಕಟವಾಯಿತು. ಮುಂದೆ ಅದೇ ದೇಶದಲ್ಲಿ ಹುಳು ಮಾತ್ರೆ ಕೊಟ್ಟ ಮಕ್ಕಳ ಚರ್ಮ ನುಸಿಗೆ ಹೆಚ್ಚು ಕೆರಳತೊಡಗಿತು. ವಿಯೆಟ್ನಾಮಿನಲ್ಲೂ ಚರ್ಮದ ಪರೀಕ್ಷೆ ಹಾಗೇ ಹೇಳಿತು, ಆದರೆ ಉಬ್ಬಸ ಹೆಚ್ಚಲಿಲ್ಲ. ಈಕ್ವೆಡಾರಿನಲ್ಲಿ ಒಂದು ವರ್ಷ ಮಾತ್ರೆ ಕೊಟ್ಟರೂ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಹುಳುವಿನಿಂದ ಹುಳುವಿಗೂ ವ್ಯತ್ಯಾಸವಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಕೊಕ್ಕೆಹುಳು ಇದ್ದವರಲ್ಲಿ ಉಬ್ಬಸ ಕಡಿಮೆ, ದುಂಡುಹುಳು ಇದ್ದವರಲ್ಲಿ ಹೆಚ್ಚು ಎಂದು ಬಂತು. ದುಂಡುಹುಳುವಿನ ಕೆಲವು ಪ್ರೋಟೀನುಗಳು ದೂಳಿನ ನುಸಿಯ, ಜಿರಳೆಯ ಪ್ರೋಟೀನುಗಳನ್ನೇ ಹೋಲುತ್ತವೆ. ಒಂದರ ಮೇಲಿನ ಸಿಟ್ಟು ಇನ್ನೊಂದರ ಮೇಲೂ ತಿರುಗುತ್ತದೆ. ಹಾಗಾಗಿ ಮಗುವಿಗೆ ದಮ್ಮು ಬಾರದಿರಲೆಂದು ಹುಳುವನ್ನು ಉಳಿಸಿಕೊಳ್ಳುವುದು ತಪ್ಪು ಲೆಕ್ಕ.

ಸಕ್ಕರೆ ಕಾಯಿಲೆಗೂ ಇದಕ್ಕೂ ಏನು ಸಂಬಂಧ?

ಚೆನ್ನೈಯ ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧುಮೇಹಿಗಳಲ್ಲಿ ಆನೆಕಾಲು ಹುಳುವಿನ ಸೋಂಕು ಮಧುಮೇಹ ಇಲ್ಲದವರಿಗಿಂತ ಕಡಿಮೆ ಇತ್ತು. ಉರಿಯೂತ ತಗ್ಗಿದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಒಂದು ವಿವರಣೆ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಹುಳುವಿದ್ದವರಿಗೆ ಅಲ್ಬೆಂಡಜೋಲ್ ಕೊಟ್ಟಾಗ ಇನ್ಸುಲಿನ್ನಿಗೆ ದೇಹ ತೋರುವ ಪ್ರತಿರೋಧ ಸ್ವಲ್ಪ ಏರಿದ್ದೂ ಇದೆ. ಇದು ಕುತೂಹಲದ ವಿಷಯ, ಚಿಕಿತ್ಸೆಯಲ್ಲ. ಸಕ್ಕರೆ ಇಳಿಸಲು ನಡಿಗೆ, ಊಟ, ಔಷಧಿ ಇವೆ.

ಹುಳುವನ್ನೇ ಔಷಧಿಯಾಗಿ ಕೊಟ್ಟಿದ್ದಾರಂತೆ?

ಹೌದು, ಪ್ರಯೋಗಗಳು ನಡೆದಿವೆ. ಅಮೆರಿಕದಲ್ಲಿ ಜೋಯೆಲ್ ವೈನ್‌ಸ್ಟಾಕ್ ಅವರ ತಂಡ ಕ್ರೋನ್ಸ್ ಎಂಬ ಕರುಳುರಿಯೂತದ 29 ರೋಗಿಗಳಿಗೆ ಹಂದಿಯ ಚಾಟಿಹುಳುವಿನ ಮೊಟ್ಟೆಗಳನ್ನು ಮೂರು ವಾರಕ್ಕೊಮ್ಮೆ ಕುಡಿಸಿತು. ಮುಕ್ಕಾಲುಪಾಲು ಜನ ಗುಣ ಕಂಡರೆಂದು 2005ರಲ್ಲಿ ವರದಿ ಬಂತು. ಹೋಲಿಕೆಗೆ ಬರೀ ನೀರು ಕುಡಿದವರ ಗುಂಪು ಇರಲಿಲ್ಲ. ಆಮೇಲೆ ಸರಿಯಾದ ಹೋಲಿಕೆಯೊಂದಿಗೆ ದೊಡ್ಡ ಪ್ರಯೋಗ ಮಾಡಿದಾಗ ಮೊಟ್ಟೆಗೂ ಹುಸಿಮದ್ದಿಗೂ ವ್ಯತ್ಯಾಸ ಕಾಣಲಿಲ್ಲ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ದೇಹ ತನ್ನ ನರಗಳ ಹೊದಿಕೆಯನ್ನೇ ತಿನ್ನುತ್ತದೆ. ಅರ್ಜೆಂಟೀನಾದಲ್ಲಿ ಈ ರೋಗವಿದ್ದ 12 ಜನರ ಹೊಟ್ಟೆಯಲ್ಲಿ ತಾನಾಗಿಯೇ ಹುಳು ಸೇರಿಕೊಂಡಿತ್ತು. ನಾಲ್ಕೂವರೆ ವರ್ಷ ಗಮನಿಸಿದಾಗ, ಹುಳುವಿಲ್ಲದ ರೋಗಿಗಳಿಗಿಂತ ಅವರಲ್ಲಿ ರೋಗ ಬಹಳ ಕಡಿಮೆ ಮರುಕಳಿಸಿತ್ತು. ಅವರಲ್ಲಿ ನಾಲ್ವರಿಗೆ ಹೊಟ್ಟೆಯ ತೊಂದರೆ ಹೆಚ್ಚಾಗಿ ಹುಳು ತೆಗೆಯಬೇಕಾಗಿ ಬಂತು. ನರರೋಗ ಮತ್ತೆ ತಲೆಯೆತ್ತಿತು. ಇದನ್ನು ಓದಿದ ದಿನ ನನಗೆ ನಿದ್ದೆ ಹತ್ತಿರಲಿಲ್ಲ. ಬ್ರಿಟನ್ನಿನ ನಾಟಿಂಗ್‌ಹ್ಯಾಮಿನಲ್ಲಿ 71 ರೋಗಿಗಳ ಮೇಲೆ ಪ್ರಯೋಗ ನಡೆಸಿ, ಅರ್ಧದಷ್ಟು ಜನರ ತೋಳಿಗೆ 25 ಕೊಕ್ಕೆಹುಳು ಮರಿಗಳಿದ್ದ ಪಟ್ಟಿ ಅಂಟಿಸಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ನಿಯಂತ್ರಕ ಟಿ ಕೋಶಗಳು ಏರಿದ್ದವು, ಆದರೆ ಮಿದುಳಿನ ಹೊಸ ಕಲೆಗಳ ಎಣಿಕೆಯಲ್ಲಿ ಗೆಲುವು ಎನ್ನುವಷ್ಟು ವ್ಯತ್ಯಾಸ ಬರಲಿಲ್ಲ.

ಮುಂದಿನ ದಾರಿ ಇಡೀ ಹುಳುವಿನದಲ್ಲ, ಹುಳು ಸ್ರವಿಸುವ ಒಂದೊಂದು ಅಣುವಿನದು ಎಂದು ನನ್ನ ನಂಬಿಕೆ. ಮೇಲೆ ಹೇಳಿದ ಕಳ್ಳ ಕೀಲಿಯಂಥ ಪ್ರೋಟೀನುಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಇಲಿಗಳಿಗೆ ಕೊಟ್ಟು ನೋಡುತ್ತಿದ್ದಾರೆ.

ನೆಟ್‌ನಲ್ಲಿ ಹುಳುವಿನ ಮೊಟ್ಟೆ ಮಾರುತ್ತಾರೆ. ತರಿಸಬಹುದೇ?

ಬೇಡ. ಯಾವ ಹುಳು, ಎಷ್ಟು, ಜೊತೆಗೆ ಇನ್ನೇನು ಸೇರಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ.

ಹುಳು ಇದ್ದರೆ ಲಸಿಕೆ ಕೆಲಸ ಮಾಡುತ್ತದೆಯೇ?

ಮಾಡುತ್ತದೆ, ಲಸಿಕೆ ತಪ್ಪಿಸಬೇಡಿ. ಆದರೆ ಹುಳು ತರಿಸಿದ ಮೌನ ಹುಳುವಿನ ಮಟ್ಟಿಗಷ್ಟೇ ನಿಲ್ಲುವುದಿಲ್ಲ ಎನ್ನುವುದೂ ನಿಜ. ಇಥಿಯೋಪಿಯಾದಲ್ಲಿ ಕ್ಷಯ ತಡೆಯುವ ಬಿಸಿಜಿ ಲಸಿಕೆ ಚುಚ್ಚುವ ಮೊದಲು ಹುಳು ಮಾತ್ರೆ ಕೊಟ್ಟವರಲ್ಲಿ ಲಸಿಕೆಯ ಪ್ರತಿಕ್ರಿಯೆ ಚೆನ್ನಾಗಿತ್ತು. ಚೆನ್ನೈಯ ಕ್ಷಯರೋಗ ಸಂಶೋಧನಾ ಸಂಸ್ಥೆಯಲ್ಲಿ ಸುಭಾಷ್ ಬಾಬು ಮತ್ತು ಸಂಗಡಿಗರು, ಆನೆಕಾಲು ಹುಳು ಮತ್ತು ಒಳಗೇ ಅಡಗಿದ ಕ್ಷಯ ಎರಡೂ ಇರುವವರಲ್ಲಿ ಕ್ಷಯವನ್ನು ತಡೆಹಿಡಿಯುವ ಟಿ ಕೋಶಗಳ ಪ್ರತಿಕ್ರಿಯೆ ತಗ್ಗಿರುವುದನ್ನು ತೋರಿಸಿದ್ದಾರೆ. ಕ್ಷಯವೂ ಹುಳುವೂ ಒಂದೇ ಕೇರಿಯಲ್ಲಿರುವ ನಮ್ಮಂಥ ದೇಶಕ್ಕೆ ಇದು ಸಣ್ಣ ಮಾತಲ್ಲ.

ಎಲ್ಲ ಪ್ರಯೋಗಗಳೂ ಒಂದೇ ಉತ್ತರ ಕೊಟ್ಟಿಲ್ಲ. ಉಗಾಂಡಾದ ಎಂಟೆಬೆಯಲ್ಲಿ ಸುಮಾರು 2500 ಬಸುರಿಯರ ಮೇಲೆ ನಡೆದ ಪ್ರಯೋಗದಲ್ಲಿ, ತಾಯಿಗೆ ಹುಳು ಮಾತ್ರೆ ಕೊಟ್ಟದ್ದರಿಂದ ಮಗುವಿನ ಲಸಿಕೆಗಳ ಪ್ರತಿಕ್ರಿಯೆ ಬದಲಾಗಲಿಲ್ಲ. ಮಾತ್ರೆ ಪಡೆದ ತಾಯಂದಿರ ಕೂಸುಗಳಲ್ಲಿ ಇಸುಬು ಹೆಚ್ಚಾಗಿ ಕಂಡಿತು. ನಮ್ಮಲ್ಲಿ ಬಸುರಿಯರಿಗೆ ಎರಡನೇ ಮೂರು ತಿಂಗಳ ಅವಧಿಯಲ್ಲಿ ಈ ಮಾತ್ರೆ ಕೊಡುವುದು ರಕ್ತಹೀನತೆ ತಡೆಯಲು. ಕೊಕ್ಕೆಹುಳುಗಳಲ್ಲಿ ದೊಡ್ಡ ಜಾತಿಯ ಒಂದೊಂದೂ ದಿನಕ್ಕೆ ಸುಮಾರು 0.2 ಮಿಲಿಲೀಟರ್ ರಕ್ತ ಹಾಳುಮಾಡುತ್ತದೆ. ನೂರು ಹುಳುವಿದ್ದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಹೆರಿಗೆಯಲ್ಲಿ ರಕ್ತ ಹೋಗುವ ಹೆಣ್ಣುಮಗಳಿಗೆ ಅದು ಪ್ರಾಣದ ಪ್ರಶ್ನೆ.

ಸ್ಟೀರಾಯ್ಡ್ ತೆಗೆದುಕೊಳ್ಳುವವರು ಹುಳುವಿನ ಬಗ್ಗೆ ಎಚ್ಚರ ಇರಬೇಕೇ?

ಖಂಡಿತ. ಒಮ್ಮೆ ಮೈಗೆ ಸೇರಿದ ಸ್ಟ್ರಾಂಗಿಲಾಯ್ಡಿಸ್ ಹುಳುವಿಗೆ ಹೊರಗಿನ ಮಣ್ಣೇ ಬೇಕಿಲ್ಲ. ಅದರ ಮರಿಗಳು ಕರುಳಿನಿಂದಲೇ ಮತ್ತೆ ಮೈಗೆ ಹೊಕ್ಕು ಸಂತತಿ ಮುಂದುವರಿಸುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾ ರೈಲುದಾರಿ ಕಟ್ಟಿದ ಕೈದಿಗಳಲ್ಲಿ ದಶಕಗಳಾದ ಮೇಲೂ ಈ ಹುಳು ಸಿಕ್ಕಿದೆ. ದೇಹದ ಕಾವಲು ಇರುವವರೆಗೆ ಸಂಖ್ಯೆ ಮಿತಿಯಲ್ಲಿರುತ್ತದೆ. ಸ್ಟೀರಾಯ್ಡ್ ಕೊಟ್ಟು ಆ ಕಾವಲನ್ನು ತೆಗೆದರೆ ಮರಿಗಳು ಲೆಕ್ಕವಿಲ್ಲದಷ್ಟಾಗಿ ಶ್ವಾಸಕೋಶ, ಮಿದುಳಿಗೆ ನುಗ್ಗುತ್ತವೆ, ಕರುಳಿನ ಬ್ಯಾಕ್ಟೀರಿಯಾವನ್ನೂ ಹೊತ್ತೊಯ್ಯುತ್ತವೆ. ಸಾವು ಹೆಚ್ಚು. ಕೋವಿಡ್ ಕಾಲದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡಿನ ಬಳಕೆ ಏರಿದಾಗ ಈ ಎಚ್ಚರಿಕೆ ಮತ್ತೆ ಕೇಳಿಬಂತು. ಬರಿಗಾಲಲ್ಲಿ ಹೊಲ, ತೋಟದ ಕೆಲಸ ಮಾಡಿದವರು ದೀರ್ಘಕಾಲ ಸ್ಟೀರಾಯ್ಡ್ ಶುರುಮಾಡುವ ಮೊದಲು ವೈದ್ಯರಿಗೆ ಆ ಮಾತು ಹೇಳಿ. ಇದಕ್ಕೆ ಐವರ್‌ಮೆಕ್ಟಿನ್ ಒಳ್ಳೆಯ ಮದ್ದು. ಒಂದು ಅಲ್ಬೆಂಡಜೋಲ್ ಮಾತ್ರೆ ಸಾಲದು.

ಸಿಹಿ ತಿಂದರೆ ಹುಳು ಆಗುತ್ತದೆಯೇ?

ಇಲ್ಲ. ಬೆಲ್ಲದಿಂದ ಹುಳು ಹುಟ್ಟದು. ಬೆಲ್ಲ ಹಿಡಿದ ಕೈ ತೊಳೆದಿತ್ತೇ ನೋಡಿ.

ಒಮ್ಮೆ ಮಾತ್ರೆ ತಿಂದರೆ ಸಾಲದೇ? ವರ್ಷಕ್ಕೆರಡು ಸಲ ಯಾಕೆ?

ದಡಾರ ಬಂದವರಿಗೆ ಮತ್ತೆ ದಡಾರ ಬರುವುದಿಲ್ಲ. ಹುಳುವಿನ ವಿಷಯದಲ್ಲಿ ಹಾಗಲ್ಲ. ಅದು ನಮ್ಮ ನೆನಪಿನ ಕೋಶಗಳನ್ನೂ ಮಬ್ಬುಗೊಳಿಸುವುದರಿಂದ ಪೂರ್ತಿ ರಕ್ಷಣೆ ಬೆಳೆಯುವುದಿಲ್ಲ. ಮನುಷ್ಯರಿಗೆ ಹಾಕುವ ಹುಳು ಲಸಿಕೆಯೂ ಇನ್ನೂ ಬಳಕೆಗೆ ಬಂದಿಲ್ಲ. ಮಣ್ಣಿನಲ್ಲಿ ಮೊಟ್ಟೆ ಇರುವವರೆಗೆ ಮತ್ತೆ ಸೋಂಕು ತಗಲುತ್ತದೆ. ಹಾಗಾಗಿ 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವನ್ನು ಫೆಬ್ರವರಿ 10 ಮತ್ತು ಆಗಸ್ಟ್ 10 ಎಂದು ಇಟ್ಟಿದ್ದಾರೆ. ಒಂದರಿಂದ ಎರಡು ವರ್ಷದ ಕೂಸಿಗೆ ಅರ್ಧ ಮಾತ್ರೆ ಪುಡಿಮಾಡಿ ನೀರಿನಲ್ಲಿ, ಎರಡರಿಂದ 19 ವರ್ಷದವರಿಗೆ 400 ಮಿಲಿಗ್ರಾಮಿನ ಒಂದು ಮಾತ್ರೆ, ಅಗಿದು ತಿನ್ನಬೇಕು. ಅಂದು ಮಗುವಿಗೆ ಜ್ವರವೋ ಕಾಯಿಲೆಯೋ ಇದ್ದರೆ ಗುಣವಾದ ಮೇಲೆ ಕೊಡಿಸಿ. ಚಾಟಿಹುಳುವಿಗೆ ಒಂದು ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಕಾಲಿಗೆ ಚಪ್ಪಲಿ, ಮನೆಗೆ ಶೌಚಾಲಯ, ಊಟಕ್ಕೆ ಮೊದಲು ಸೋಪು ಇವಿಲ್ಲದೆ ಬರೀ ಮಾತ್ರೆಯಿಂದ ಊರು ಹುಳುಮುಕ್ತವಾಗದು.

ಮಾತ್ರೆ ತಿಂದ ಮರುದಿನ ಮಗುವಿನ ಮಲದಲ್ಲಿ ಹುಳು ಬಿತ್ತು. ಹೆದರಬೇಕೇ?

ಬೇಡ. ದುಂಡುಹುಳು ಹಾಗೆ ಬೀಳುವುದುಂಟು, ಮಾತ್ರೆ ಕೆಲಸ ಮಾಡಿದೆ. ಹುಳು ಕಾಣದಿದ್ದರೂ ಚಿಂತೆಯಿಲ್ಲ. ಕೊಕ್ಕೆಹುಳು ಕಣ್ಣಿಗೆ ಬೀಳುವುದೇ ಅಪರೂಪ. ಮಗುವಂತೂ ಬೆಚ್ಚಿರುತ್ತದೆ, ಹತ್ತಿರ ಕೂರಿಸಿಕೊಂಡು ಮಾತಾಡಿ, ಬೈಯಬೇಡಿ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದು, ಬಿಡದೆ ನೋವು, ವಾಂತಿ ಇದ್ದು, ಮಲ ಗಾಳಿ ಎರಡೂ ನಿಂತಿದ್ದರೆ ಮಾತ್ರ ಕಾಯಬೇಡಿ. ಹುಳುಗಳು ಗಂಟುಬಿದ್ದು ಕರುಳು ಕಟ್ಟಿರಬಹುದು. ಆ ಹೊತ್ತಿಗೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.